ತಂಪಾದ ಮೈಯ ಒಳಗಿನ ಕಾವು

1938ರ ಚಳಿಗಾಲದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ನರಶಸ್ತ್ರವೈದ್ಯ ಟೆಂಪಲ್ ಫೇ ಅವರು ಕ್ಯಾನ್ಸರ್ ರೋಗಿಗಳ ಮೈಯನ್ನು ಮಂಜುಗಡ್ಡೆಯಿಂದ ತಣಿಸತೊಡಗಿದಾಗ ಎದುರಾದ ಅಡಚಣೆಗಳಲ್ಲಿ ಒಂದು ಥರ್ಮಾಮೀಟರಿನದು. ಆಸ್ಪತ್ರೆಗಳಲ್ಲಿದ್ದ ಜ್ವರಮಾಪಕಗಳ ಗೆರೆಗಳು 94 ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ನಿಂತುಬಿಡುತ್ತಿದ್ದವು. ಅದಕ್ಕಿಂತ ಕೆಳಗಿಳಿದ ಮನುಷ್ಯ ಬದುಕುವುದಿಲ್ಲ ಎಂಬ ನಂಬಿಕೆಯಿದ್ದ ಕಾಲದಲ್ಲಿ ಅಲ್ಲಿ ಗೆರೆ ಹಾಕುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಫೇ ಪ್ರಯೋಗಾಲಯದ ಉಷ್ಣಮಾಪಕಗಳನ್ನು ಬಳಸಿ ರೋಗಿಗಳನ್ನು 32 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಸಿದರು. ಗೆಡ್ಡೆಗಳನ್ನು ಚಳಿಯಿಂದಲೇ ಅಡಗಿಸುವ ಅವರ ಆಸೆ ಕೈಗೂಡಲಿಲ್ಲ. ಆದರೆ ಮನುಷ್ಯನನ್ನು ತಣಿಸಿ, ಗಂಟೆಗಟ್ಟಲೆ ಹಾಗೆಯೇ ಇಟ್ಟು, ಮತ್ತೆ ಬೆಚ್ಚಗೆ ಮಾಡಿ ಎಬ್ಬಿಸಬಹುದು ಎಂಬುದು ಗೊತ್ತಾಯಿತು. ಹಾಗೆ ತಣಿದ ಮೈಯ ಒಳಗಿನ ಕಾವನ್ನು ನಿಖರವಾಗಿ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದಾಚೆ ವೈದ್ಯರ ಬೆನ್ನು ಬಿಡಲಿಲ್ಲ.

ಅದುವರೆಗಿನ ಉಷ್ಣಮಾಪನವೆಲ್ಲ ಜ್ವರವನ್ನು ಕಣ್ಣಮುಂದಿಟ್ಟುಕೊಂಡು ಬೆಳೆದದ್ದು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ವುಂಡರ್ಲಿಷ್ ಸುಮಾರು 25,000 ರೋಗಿಗಳ ಕಂಕುಳಿಗೆ ಥರ್ಮಾಮೀಟರ್ ಇಟ್ಟು ತೆಗೆದ ಅಳತೆಗಳ ಆಧಾರದ ಮೇಲೆ 1868ರಲ್ಲಿ ಗ್ರಂಥ ಬರೆದರು; ಆರೋಗ್ಯವಂತನ ಉಷ್ಣತೆ 37 ಡಿಗ್ರಿ ಎಂಬ ಮಾತು ಲೋಕದಲ್ಲಿ ನೆಲೆಯಾದದ್ದು ಆ ಗ್ರಂಥದಿಂದ. ಅದೇ ದಶಕದಲ್ಲಿ ಇಂಗ್ಲೆಂಡಿನ ಕ್ಲಿಫರ್ಡ್ ಆಲ್ಬಟ್ ಜೇಬಿನಲ್ಲಿ ಹಿಡಿಯುವ ಆರು ಅಂಗುಲದ ಥರ್ಮಾಮೀಟರನ್ನು ರೂಪಿಸಿದರು. ಕಂಕುಳಾಗಲಿ, ನಾಲಿಗೆಯ ಕೆಳಗಾಗಲಿ ನಂಬಿಕೆಗೆ ಅರ್ಹವಾಗಬೇಕಾದರೆ ರಕ್ತ ಎಂದಿನಂತೆ ಚರ್ಮದವರೆಗೂ ಹರಿಯುತ್ತಿರಬೇಕು, ಉಷ್ಣತೆ ನಿಧಾನವಾಗಿ ಮಾತ್ರ ಬದಲಾಗುತ್ತಿರಬೇಕು. ಮಂಜುಗಡ್ಡೆಯ ನಡುವೆ ಅರಿವಳಿಕೆಯಲ್ಲಿ ಮಲಗಿದ ರೋಗಿಯಲ್ಲಿ ಈ ಎರಡೂ ಇರುವುದಿಲ್ಲ. ಇದರ ಒಂದು ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು. 1790ರ ದಶಕದಲ್ಲಿ ಲಿವರ್‌ಪೂಲ್‌ನ ವೈದ್ಯ ಜೇಮ್ಸ್ ಕರೀ ಆರೋಗ್ಯವಂತರನ್ನು ತಣ್ಣೀರಿನಲ್ಲಿ ಕೂರಿಸಿ ಅಳೆದಾಗ, ನೀರಿನಿಂದ ಮೇಲೆದ್ದ ಬಳಿಕವೂ ಉಷ್ಣತೆ ಇಳಿಯುತ್ತಲೇ ಹೋಗುವುದನ್ನು ಗುರುತಿಸಿದ್ದರು.

ತಣಿಸುವಿಕೆ ಹೃದಯ ಶಸ್ತ್ರಚಿಕಿತ್ಸೆಯ ಹಾದಿ ಹಿಡಿದದ್ದು ಕೆನಡಾದ ಟೊರಾಂಟೊದಲ್ಲಿ. ಅಲ್ಲಿ ವಿಲ್ಫ್ರೆಡ್ ಬಿಗೆಲೋ ನಾಯಿಗಳ ಮೇಲೆ ಪ್ರಯೋಗ ನಡೆಸಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು. ತಣಿದ ಮೈ ನಡುಗಿದರೆ ಆಮ್ಲಜನಕದ ಖರ್ಚು ಏರುತ್ತದೆ. ಅರಿವಳಿಕೆಯಿಂದ ನಡುಕವನ್ನು ತಡೆದರೆ ಉಷ್ಣತೆಯ ಜೊತೆಜೊತೆಗೇ ಖರ್ಚೂ ಇಳಿಯುತ್ತದೆ, ಒಂದೊಂದು ಡಿಗ್ರಿಗೆ ಶೇಕಡಾ 6-7ರಷ್ಟು. 28 ಡಿಗ್ರಿಗೆ ಬರುವಷ್ಟರಲ್ಲಿ ದೇಹದ ಬೇಡಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿರುತ್ತದೆ. ಎಂದಿನ ಉಷ್ಣತೆಯಲ್ಲಿ ರಕ್ತವಿಲ್ಲದೆ ಮೂರು-ನಾಲ್ಕು ನಿಮಿಷಕ್ಕಿಂತ ಹೆಚ್ಚು ತಾಳದ ಮಿದುಳು ಆಗ ಅದರ ಇಮ್ಮಡಿ ಹೊತ್ತು ತಾಳುತ್ತದೆ. ಆ ಕೆಲವು ನಿಮಿಷಗಳಲ್ಲಿ ಹೃದಯಕ್ಕೆ ಬರುವ ರಕ್ತವನ್ನು ತಡೆದು, ಹೃದಯವನ್ನು ತೆರೆದು ರಿಪೇರಿ ಮಾಡಬಹುದು ಎಂಬುದು ಬಿಗೆಲೋ ಅವರ ಎಣಿಕೆ.

1952ರ ಸೆಪ್ಟೆಂಬರ್ 2ರಂದು ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಎಫ್. ಜಾನ್ ಲೂಯಿಸ್ ಅದನ್ನು ಮಾಡಿ ತೋರಿಸಿದರು. ಐದು ವರ್ಷದ ಬಾಲಕಿಯೊಬ್ಬಳನ್ನು ತಣ್ಣನೆಯ ದ್ರವ ಹರಿಯುವ ರಬ್ಬರ್ ಹೊದಿಕೆಯಲ್ಲಿ ಸುತ್ತಿ 28 ಡಿಗ್ರಿಗೆ ಇಳಿಸಿ, ಸುಮಾರು ಐದೂವರೆ ನಿಮಿಷ ರಕ್ತದ ಹರಿವು ತಡೆದು, ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ ರಂಧ್ರವನ್ನು ಕಣ್ಣಾರೆ ನೋಡುತ್ತ ಹೊಲಿದರು. ಮುಂದಿನ ವರ್ಷದಿಂದ ಡೆನ್ವರ್‌ನಲ್ಲಿ ಹೆನ್ರಿ ಸ್ವಾನ್ ರೋಗಿಗಳನ್ನು ಮಂಜುನೀರಿನ ತೊಟ್ಟಿಯಲ್ಲೇ ಮಲಗಿಸಿ ಇಂಥ ಶಸ್ತ್ರಚಿಕಿತ್ಸೆಗಳ ದೊಡ್ಡ ಸರಣಿಯನ್ನೇ ನಡೆಸಿದರು.

ಇಲ್ಲಿ ಥರ್ಮಾಮೀಟರ್ ಜೀವ ಕಾಯುವ ಉಪಕರಣವಾಗಿಬಿಟ್ಟಿತು. 28 ಡಿಗ್ರಿಗಿಂತ ಕೆಳಗೆ ಹೋದರೆ ಹೃದಯ ಲಯ ತಪ್ಪಿ ಬರಿದೇ ಅದುರತೊಡಗುವ ಅಪಾಯ ಹತ್ತಿರವಾಗುತ್ತದೆ. 31-32ರಲ್ಲಿ ನಿಲ್ಲಿಸಿದರೆ ಶಸ್ತ್ರವೈದ್ಯನಿಗೆ ಬೇಕಾದ ನಿಮಿಷಗಳು ಸಿಗುವುದಿಲ್ಲ. ಕೆಲಸಕ್ಕೆ ಒದಗುವ ಪಟ್ಟಿ ಅಷ್ಟು ಕಿರಿದು. ತೊಟ್ಟಿಯಿಂದ ಎತ್ತಿದ ಮೇಲೂ ಮೈ ಇನ್ನಷ್ಟು ಡಿಗ್ರಿ ಜಾರುತ್ತದೆ, ಕರೀ ಕಂಡದ್ದೇ ಇದು. ಹಾಗಾಗಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮುಂಚಿತವಾಗಿ ಲೆಕ್ಕ ಹಾಕಿ ರೋಗಿಯನ್ನು ಮೇಲೆತ್ತಬೇಕಿತ್ತು. ಅಂದು ಹೆಚ್ಚಾಗಿ ನಂಬಿದ್ದ ಜಾಗ ಗುದನಾಳ. ಅದಕ್ಕೊಂದು ದೊಡ್ಡ ದೋಷವಿತ್ತು: ಅಲ್ಲಿನ ಉಷ್ಣತೆ ಹೃದಯ ಮತ್ತು ಮಿದುಳಿಗಿಂತ ತಡವಾಗಿ ಇಳಿಯುತ್ತದೆ, ತಡವಾಗಿಯೇ ಏರುತ್ತದೆ. ಅದು ಹೇಳುವುದು ಸ್ವಲ್ಪ ಹೊತ್ತಿನ ಹಿಂದಿನ ಸುದ್ದಿಯನ್ನು.

1958ರಲ್ಲಿ ಜರ್ಮನಿಯ ಯುರ್ಗೆನ್ ಆಶಾಫ್ ಮತ್ತು ರುಟ್ಗರ್ ವೇವರ್ ಇದಕ್ಕೊಂದು ಸ್ಪಷ್ಟ ಚಿತ್ರ ಕೊಟ್ಟರು. ದೇಹಕ್ಕೆ ಒಂದು ತಿರುಳಿದೆ, ಒಂದು ಸಿಪ್ಪೆಯಿದೆ. ತಲೆಬುರುಡೆ, ಎದೆ, ಹೊಟ್ಟೆಗಳ ಒಳಗಿರುವುದು ತಿರುಳು. ಅದನ್ನು ದೇಹ ಒಂದೇ ಉಷ್ಣತೆಯಲ್ಲಿ ಕಾಪಾಡಲು ಹೆಣಗುತ್ತದೆ. ಕೈಕಾಲು, ಚರ್ಮ, ಕೊಬ್ಬು ಸಿಪ್ಪೆ. ಹೊರಗಿನ ಹವೆಗೆ ತಕ್ಕಂತೆ ಅದು ತಣಿಯುತ್ತದೆ, ಬಿಸಿಯಾಗುತ್ತದೆ. ಚಳಿಯಲ್ಲಿ ಸಿಪ್ಪೆ ದಪ್ಪವಾಗುತ್ತದೆ, ಸೆಖೆಯಲ್ಲಿ ತೆಳುವಾಗುತ್ತದೆ. ತಿರುಳಿನ ಉಷ್ಣತೆಯನ್ನು ಸಿಪ್ಪೆಯ ಹೊರಗಿನಿಂದ ಓದುವುದು ಹೇಗೆ? ಮುಂದಿನ ಐವತ್ತು-ಅರವತ್ತು ವರ್ಷಗಳ ದುಡಿಮೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆದದ್ದು.

ಅದೇ ಹೊತ್ತಿಗೆ ತಣಿಸುವ ವಿಧಾನವೂ ಬದಲಾಯಿತು. 1953ರಲ್ಲಿ ಜಾನ್ ಗಿಬನ್ ಹೃದಯ-ಶ್ವಾಸಕೋಶ ಯಂತ್ರದಿಂದ ಮೊದಲ ಯಶಸ್ಸು ಕಂಡಿದ್ದರು. 1950ರ ದಶಕ ಮುಗಿಯುವಷ್ಟರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿಲ್ ಸೀಲಿ, ಐವನ್ ಬ್ರೌನ್ ಮತ್ತವರ ಸಂಗಡಿಗರು ಆ ಯಂತ್ರಕ್ಕೆ ಶಾಖವಿನಿಮಯಕವನ್ನು ಜೋಡಿಸಿ ರಕ್ತವನ್ನೇ ತಣಿಸತೊಡಗಿದರು. ಲಂಡನ್ನಿನಲ್ಲಿ ಚಾರ್ಲ್ಸ್ ಡ್ರೂ 1959ರಲ್ಲಿ ರೋಗಿಗಳನ್ನು 15 ಡಿಗ್ರಿಯ ಆಸುಪಾಸಿಗೆ ಇಳಿಸಿ ರಕ್ತಪರಿಚಲನೆಯನ್ನೇ ಪೂರ್ತಿ ನಿಲ್ಲಿಸಿದ ಅನುಭವವನ್ನು ಪ್ರಕಟಿಸಿದರು. ಹೊರಗಿನಿಂದ ತಣಿಸುವಾಗ ಸಿಪ್ಪೆ ಮೊದಲು, ತಿರುಳು ಆಮೇಲೆ. ರಕ್ತದ ಮೂಲಕ ತಣಿಸುವಾಗ ಇದು ತಲೆಕೆಳಗು: ರಕ್ತ ಹೆಚ್ಚು ಹರಿಯುವ ಮಿದುಳು, ಹೃದಯ, ಮೂತ್ರಪಿಂಡ ಬೇಗ ತಣಿಯುತ್ತವೆ, ಸ್ನಾಯು, ಕೊಬ್ಬು ಹಿಂದೆ ಉಳಿಯುತ್ತವೆ. ಒಬ್ಬನೇ ರೋಗಿಯ ಮೈಯಲ್ಲಿ ಅದೇ ಗಳಿಗೆಯಲ್ಲಿ ಹಲವು ಡಿಗ್ರಿ ಅಂತರದ ಉಷ್ಣತೆಗಳು ಇರುತ್ತವೆ, ಯಾವುದನ್ನು 'ರೋಗಿಯ ಉಷ್ಣತೆ' ಎಂದು ಬರೆದುಕೊಳ್ಳಬೇಕು ಎಂಬುದೇ ತಕರಾರಿನ ವಿಷಯವಾಗುತ್ತದೆ.

ಹೀಗೆ ಸಂವೇದಕಗಳು ಒಂದೊಂದಾಗಿ ದೇಹದೊಳಗೆ ಇಳಿದವು. ಅನ್ನನಾಳದ ಕೆಳಭಾಗ, ಮೂಗಿನ ಹಿಂಬದಿಯ ಗಂಟಲು, ಮೂತ್ರಕೋಶ, 1970ರ ದಶಕದಿಂದ ಶ್ವಾಸಕೋಶದ ಅಪಧಮನಿ. ಕೊನೆಯದರಲ್ಲಿ ಇಡೀ ದೇಹದಿಂದ ಬಂದ ರಕ್ತ ಬೆರೆತಿರುವುದರಿಂದ ಇಂದಿಗೂ ಅದನ್ನೇ ಒರೆಗಲ್ಲು ಎನ್ನುತ್ತಾರೆ. ಆದರೆ ಪ್ರತಿಯೊಂದಕ್ಕೂ ಬೆಲೆ ತೆರಬೇಕು. ಮೂಗಿನ ತಂತಿಯಿಂದ ರಕ್ತ ಸುರಿಯಬಹುದು. ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಟ್ಟಿರುವ ಹೃದಯರೋಗಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ಮೂತ್ರಕೋಶದ ಅಳತೆ ಮೂತ್ರದ ಹರಿವು ಕಡಿಮೆಯಾದರೆ ಹಿಂದೆ ಬೀಳುತ್ತದೆ. ಅಪಧಮನಿಗೆ ನಳಿಕೆ ಇಳಿಸುವುದಂತೂ ಉಷ್ಣತೆಗೋಸ್ಕರ ಮಾತ್ರ ಮಾಡುವ ಕೆಲಸವೇ ಅಲ್ಲ.

ಏನನ್ನೂ ಚುಚ್ಚದೆ, ಆಳಕ್ಕೆ ತೂರಿಸದೆ ಮಿದುಳಿನ ಕಾವನ್ನು ಓದುವ ಮೊದಲ ದೊಡ್ಡ ಪ್ರಯತ್ನ ಕಿವಿಯ ಮೂಲಕ ನಡೆಯಿತು. ಜರ್ಮನಿಯಿಂದ ಅಮೆರಿಕಕ್ಕೆ ಬಂದಿದ್ದ ಶರೀರಶಾಸ್ತ್ರಜ್ಞ ಥಿಯೊಡರ್ ಬೆನ್ಸಿಂಗರ್ ಬೆಥೆಸ್ಡಾದ ನೌಕಾದಳದ ವೈದ್ಯಕೀಯ ಸಂಶೋಧನಾಲಯದಲ್ಲಿ 1959ರಿಂದಾಚೆ ಕಿವಿತಮಟೆಯ ಉಷ್ಣತೆಯ ಪರವಾಗಿ ಪಟ್ಟುಹಿಡಿದು ವಾದಿಸಿದರು. ದೇಹದ ಉಷ್ಣತೆಯನ್ನು ನಿಯಂತ್ರಿಸುವ ಹೈಪೋಥಾಲಮಸ್ ಹತ್ತಿರದಲ್ಲೇ ಇದೆ, ಅದಕ್ಕೆ ಹೋಗುವ ರಕ್ತದ ದಾರಿಯೇ ಕಿವಿತಮಟೆಗೂ ಸಂಬಂಧಿಸಿದ್ದು ಎಂಬುದು ಅವರ ವಾದದ ಬೇರು. ಅವರು ಬಳಸಿದ್ದು ತಮಟೆಗೆ ತಾಗುವ ಸಣ್ಣ ಉಷ್ಣಯುಗ್ಮದ ತಂತಿ. ಎಚ್ಚರವಿರುವವನಿಗೆ ಅದು ತಾಗಿದರೆ ನೋವು. ಅರಿವಳಿಕೆಯಲ್ಲಿ ಇರುವವನು ನೋವು ಹೇಳಲಾರ, ತಮಟೆ ತೂತಾದ ಪ್ರಕರಣಗಳು ವರದಿಯಾದವು. ವಿಧಾನ ಸರಿ, ಮುಟ್ಟುವುದೇ ತೊಂದರೆ ಎಂದಾಯಿತು.

ಮುಟ್ಟದೆ ಅಳೆಯುವ ದಾರಿ ಭೌತಶಾಸ್ತ್ರದಲ್ಲಿ ಆಗಲೇ ಇತ್ತು. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕಿನ ಕೆಂಪು ಅಂಚಿನಾಚೆ ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ಕಂಡುಹಿಡಿದಿದ್ದರು. ವಸ್ತು ಸೂಸುವ ಒಟ್ಟು ಶಕ್ತಿ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣ ಎಂದು 1879ರಲ್ಲಿ ಯೋಸೆಫ್ ಸ್ಟೆಫಾನ್ ಹೇಳಿದ್ದರು. ಈ ಅವಗೆಂಪು ಕಿರಣಗಳನ್ನು ಕಿವಿಯ ನಾಳದಿಂದ ಹಿಡಿದು ಕ್ಷಣಾರ್ಧದಲ್ಲಿ ಉಷ್ಣತೆ ಹೇಳುವ ಉಪಕರಣಗಳು 1980ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಮಕ್ಕಳ ಜ್ವರ ನೋಡಲು ಅವು ವರವಾದವು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮಾತ್ರ ನಿರಾಸೆ ತಂದವು. ಕಿವಿಯ ನಾಳ ನೆಟ್ಟಗಿಲ್ಲ. ಉಪಕರಣದ ಕಣ್ಣಿಗೆ ಬೀಳುವುದು ಹೆಚ್ಚಾಗಿ ತಮಟೆಯಲ್ಲ, ನಾಳದ ಗೋಡೆ. ಆ ಗೋಡೆ ಸಿಪ್ಪೆಯ ಭಾಗ. ಆಳವಾಗಿ ತಣಿಸುವಾಗ ತಲೆಯ ಸುತ್ತ ಮಂಜುಗಡ್ಡೆಯ ಚೀಲ ಇಡುವ ರೂಢಿಯೂ ಇದೆ, ಆಗ ಗೋಡೆ ಮಿದುಳಿಗಿಂತ ಎಷ್ಟೋ ತಣ್ಣಗಿರುತ್ತದೆ. ಅಲ್ಲದೆ ಒಂದೊಂದು ಸಲ ಒತ್ತಿ ಓದುವ ಉಪಕರಣ ಅದು, ನಿಮಿಷ ನಿಮಿಷಕ್ಕೂ ಬದಲಾಗುವ ಉಷ್ಣತೆಯನ್ನು ಬೆನ್ನತ್ತಲಾರದು. 2020ರ ಕೊರೊನಾ ಕಾಲದಲ್ಲಿ ಊರೂರಿನ ಬಾಗಿಲುಗಳಲ್ಲಿ ಹಣೆಗೆ ಹಿಡಿದ ಪಿಸ್ತೂಲಿನಂಥ ಉಪಕರಣವೂ ಇದೇ ಜಾತಿಯದು. ಅದು ನೋಡುವುದು ಚರ್ಮದ ಮೇಲ್ಪದರವನ್ನು ಮಾತ್ರ.

ಹಣೆಗೆ ಅಂಟಿಸುವ, ಬಣ್ಣ ಬದಲಿಸುವ ದ್ರವಹರಳಿನ ಪಟ್ಟಿಗಳನ್ನೂ 1970ರ ದಶಕದಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಪರೀಕ್ಷಿಸಿದರು. ಅಗ್ಗ, ಸುಲಭ. ಆದರೆ ಅರಿವಳಿಕೆ ಕೊಟ್ಟೊಡನೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ತಿರುಳಿನ ಬಿಸಿ ಸಿಪ್ಪೆಗೆ ಹರಿದುಬರುತ್ತದೆ. ಮೊದಲ ಗಂಟೆಯಲ್ಲಿ ತಿರುಳು 1ರಿಂದ 1.5 ಡಿಗ್ರಿ ತಣಿಯುವ ಹೊತ್ತಿಗೆ ಕೈಕಾಲಿನ ಚರ್ಮ ಬೆಚ್ಚಗಾಗುತ್ತಿರುತ್ತದೆ! ಅರಿವಳಿಕೆ ತಜ್ಞ ಡೇನಿಯಲ್ ಸೆಸ್ಲರ್ ಮತ್ತವರ ಸಂಗಡಿಗರು ಈ ಹಂಚಿಕೆಯನ್ನು ವಿವರವಾಗಿ ಅಳೆದು ತೋರಿಸಿದ ಮೇಲೆ, ಚರ್ಮವನ್ನು ಸುಮ್ಮನೆ ಮುಟ್ಟಿ ಒಳಗನ್ನು ಊಹಿಸುವುದು ಎಷ್ಟು ದಾರಿ ತಪ್ಪಿಸುತ್ತದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಈ ಕಥೆಯ ಅತ್ಯಂತ ಸೊಗಸಾದ ಉಪಾಯ ಬಂದದ್ದು 1971ರಲ್ಲಿ, ಬ್ರಿಟನ್ನಿನ ಆರ್. ಎಚ್. ಫಾಕ್ಸ್ ಮತ್ತು ಎ. ಜೆ. ಸೋಲ್ಮನ್ ಅವರಿಂದ. ಅನ್ನದ ಪಾತ್ರೆಯನ್ನು ಕಂಬಳಿಯಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಸ್ವಲ್ಪ ಹೊತ್ತಿಗೆ ಪಾತ್ರೆಯ ಹೊರಮೈ ಒಳಗಿನ ಅನ್ನದಷ್ಟೇ ಬಿಸಿಯಾಗುತ್ತದೆ. ಶಾಖ ಹೊರಗೆ ಹೋಗದಿದ್ದರೆ ಒಳಗು ಹೊರಗು ಒಂದೇ ಆಗಬೇಕು. ಫಾಕ್ಸ್ ಮತ್ತು ಸೋಲ್ಮನ್ ಚರ್ಮದ ಒಂದು ಚಿಕ್ಕ ತುಣುಕಿಗೆ ಅಂಥ ಪರಿಪೂರ್ಣ ಕಂಬಳಿ ಹೊದಿಸಿದರು. ಅವರ ಬಿಲ್ಲೆಯಲ್ಲಿ ಚರ್ಮಕ್ಕೆ ತಾಗುವ ಒಂದು ಸಂವೇದಕ, ಅದರ ಮೇಲೆ ಶಾಖ ಹಾಯಗೊಡದ ಪದರ, ಆ ಪದರದ ಮೇಲೆ ಇನ್ನೊಂದು ಸಂವೇದಕ, ಎಲ್ಲಕ್ಕಿಂತ ಮೇಲೆ ಪುಟ್ಟ ಹೀಟರ್. ಕೆಳಗಿನದು ಮೇಲಿನದಕ್ಕಿಂತ ಬಿಸಿಯಿದ್ದರೆ ಶಾಖ ಹೊರಕ್ಕೆ ಹರಿಯುತ್ತಿದೆ ಎಂದರ್ಥ, ಆಗ ಹೀಟರ್ ತಾನಾಗಿ ಉರಿಯುತ್ತದೆ. ಎರಡೂ ಸಂವೇದಕಗಳು ಒಂದೇ ಅಂಕಿ ತೋರಿಸಿದಾಗ ಆ ಜಾಗದಿಂದ ಶಾಖ ಹೊರಬೀಳುವುದು ನಿಂತಿರುತ್ತದೆ. ಕೆಲವು ನಿಮಿಷಗಳಲ್ಲಿ ಬಿಲ್ಲೆಯ ಕೆಳಗಿನ ಚರ್ಮ, ಒಂದೆರಡು ಸೆಂಟಿಮೀಟರ್ ಆಳದ ಅಂಗಾಂಶದ ಉಷ್ಣತೆಗೆ ಏರಿ ನಿಲ್ಲುತ್ತದೆ. ರಕ್ತ ಧಾರಾಳವಾಗಿ ಹರಿಯುವ ಹಣೆಯಲ್ಲಿ ಅಷ್ಟು ಆಳವೆಂದರೆ ತಿರುಳಿನ ಅಂಚು. ಶೂನ್ಯ ಉಷ್ಣಪ್ರವಾಹದ ವಿಧಾನ ಎಂಬ ಹೆಸರು ಇದಕ್ಕೆ ನಿಂತಿತು.

ಮೊದಲ ಬಿಲ್ಲೆಯ ಅಂಚುಗಳಿಂದ ಶಾಖ ಪಕ್ಕಕ್ಕೆ ಸೋರುತ್ತಿತ್ತು. ಜಪಾನಿನ ತತ್ಸುವೊ ತೊಗಾವಾ ಮತ್ತು ಸಂಗಡಿಗರು ಸುತ್ತಲೂ ಲೋಹದ ಕವಚ ಕೊಟ್ಟು ಈ ಸೋರಿಕೆಯನ್ನು ತಗ್ಗಿಸಿ, ಸುಧಾರಿಸಿದ ರೂಪವನ್ನು 1976ರಲ್ಲಿ ಪ್ರಕಟಿಸಿದರು. ತೆರುಮೊ ಕಂಪನಿ ಅದನ್ನು ತಯಾರಿಸಿತು, ಜಪಾನಿನ ಶಸ್ತ್ರಚಿಕಿತ್ಸಾ ಕೋಣೆಗಳಲ್ಲಿ, ತೀವ್ರ ನಿಗಾ ಘಟಕಗಳಲ್ಲಿ ಅದು ನೆಲೆಗೊಂಡಿತು. ಅಲ್ಲಿನ ವೈದ್ಯರು ಒಂದು ಬಿಲ್ಲೆಯನ್ನು ಹಣೆಗೂ ಇನ್ನೊಂದನ್ನು ಅಂಗಾಲಿಗೂ ಅಂಟಿಸಿ, ಎರಡರ ಅಂತರದಿಂದ ಕೈಕಾಲಿಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದನ್ನೂ ಓದತೊಡಗಿದರು. ಹೃದಯ ಶಸ್ತ್ರಚಿಕಿತ್ಸೆಯ ಬಳಿಕ ಮೈ ಬೆಚ್ಚಗಾಗುವ ಹಂತದಲ್ಲಿ ಇದು ತುಂಬ ಉಪಯುಕ್ತ. ಅಮೆರಿಕದಲ್ಲೂ 1980ರ ಆಸುಪಾಸಿನಲ್ಲಿ ಕೆಲವು ಅರಿವಳಿಕೆ ತಜ್ಞರು ಇದನ್ನು ಪರೀಕ್ಷಿಸಿ ಮೆಚ್ಚಿದ್ದರು. ಆದರೂ ಪಶ್ಚಿಮದಲ್ಲಿ ಇದು ಹರಡಲು ಮತ್ತೆ ಮೂವತ್ತು ವರ್ಷ ಹಿಡಿಯಿತು. ಇಷ್ಟು ಒಳ್ಳೆಯ ಉಪಾಯ ಇಷ್ಟು ಕಾಲ ಮೂಲೆಯಲ್ಲಿ ಉಳಿದದ್ದು ಖೇದದ ಸಂಗತಿ.

ಈ ನಡುವೆ 1995ರಲ್ಲಿ ನ್ಯೂಯಾರ್ಕ್‌ನ ಗಿಲ್ಬರ್ಟ್ ಸ್ಟೋನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಮಿದುಳಿನ ರಕ್ತನಾಳದ ದೊಡ್ಡ ಊತಗಳಿಗೆ ಕ್ಲಿಪ್ ಹಾಕಲು ರೋಗಿಗಳನ್ನು ಆಳವಾಗಿ ತಣಿಸಿ ರಕ್ತಪರಿಚಲನೆ ನಿಲ್ಲಿಸಬೇಕಿತ್ತು. ತಲೆಬುರುಡೆ ಹೇಗೂ ತೆರೆದಿರುತ್ತಿದ್ದುದರಿಂದ ಮಿದುಳಿನ ಹೊರಪದರದಲ್ಲೇ ಸಂವೇದಕ ಇಟ್ಟು, ದೇಹದ ಬೇರೆಲ್ಲ ಜಾಗಗಳ ಅಳತೆಯನ್ನು ಅದರೊಡನೆ ಹೋಲಿಸುವ ಅಪರೂಪದ ಅವಕಾಶ ಸಿಕ್ಕಿತು. 27 ರೋಗಿಗಳಲ್ಲಿ ಕಂಡದ್ದಿಷ್ಟು: ಮೂಗಿನ ಹಿಂಬದಿ, ಅನ್ನನಾಳ ಮತ್ತು ಶ್ವಾಸಕೋಶದ ಅಪಧಮನಿ ಮಿದುಳಿಗೆ ಹತ್ತಿರವಾಗಿ ನಡೆದವು. ಕಿವಿತಮಟೆ, ಮೂತ್ರಕೋಶ, ಗುದನಾಳ, ಕಂಕುಳು, ಅಂಗಾಲು ಉಷ್ಣತೆ ವೇಗವಾಗಿ ಬದಲಾಗುವಾಗ ದೂರ ಉಳಿದವು. ಬೆನ್ಸಿಂಗರ್ ಅಷ್ಟು ನಂಬಿದ್ದ ತಮಟೆಯೂ ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಬೇಡಿಕೆ ಇನ್ನೊಂದು ಕಡೆಯಿಂದಲೂ ಬೆಳೆಯಿತು. 1996ರಲ್ಲಿ ಆಂಡ್ರಿಯಾ ಕುರ್ಜ್, ಸೆಸ್ಲರ್ ಮತ್ತಿತರರು 200 ಮಂದಿ ಕರುಳಿನ ಶಸ್ತ್ರಚಿಕಿತ್ಸೆಯ ರೋಗಿಗಳ ಫಲಿತಾಂಶ ಪ್ರಕಟಿಸಿದರು: ಶಸ್ತ್ರಚಿಕಿತ್ಸೆಯಲ್ಲಿ ಸುಮಾರು 2 ಡಿಗ್ರಿ ತಣಿದವರಲ್ಲಿ ಶೇಕಡಾ 19 ಮಂದಿಗೆ ಗಾಯಕ್ಕೆ ಸೋಂಕು ತಗಲಿದರೆ, ಬೆಚ್ಚಗೆ ಇರಿಸಿದವರಲ್ಲಿ ಶೇಕಡಾ 6 ಮಂದಿಗೆ. ಬೇಕೆಂದೇ ತಣಿಸಿದವರನ್ನು ಮಾತ್ರವಲ್ಲ, ತಾನಾಗಿ ತಣಿಯುವ ಸಾಮಾನ್ಯ ರೋಗಿಯನ್ನೂ ಅಳೆಯಬೇಕಾಯಿತು. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ, ಎಚ್ಚರವಿರುವ ರೋಗಿಯ ಅನ್ನನಾಳಕ್ಕೆ ತಂತಿ ಇಳಿಸಲಾಗದು. ಹಣೆಯ ಬಿಲ್ಲೆ ಮತ್ತೆ ನೆನಪಿಗೆ ಬಂತು.

ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ಹಾನ್ಸ್-ಕ್ರಿಸ್ಟಿಯಾನ್ ಗುಂಗಾ ಅವರ ತಂಡ ಡ್ರೇಗರ್ ಕಂಪನಿಯ ಜೊತೆ ಸೇರಿ ಹೀಟರ್ ಇಲ್ಲದ ಬಿಲ್ಲೆಯನ್ನು ರೂಪಿಸಿತು. ಶಾಖ ಹೊರಹೋಗುವುದನ್ನು ನಿಲ್ಲಿಸುವ ಬದಲು, ಎರಡು ಸಂವೇದಕಗಳ ಅಂತರದಿಂದ ಎಷ್ಟು ಹೋಗುತ್ತಿದೆ ಎಂದು ಅಳೆದು, ಒಳಗಿನ ಉಷ್ಣತೆಯನ್ನು ಲೆಕ್ಕದಿಂದ ಪಡೆಯುವ ವಿಧಾನವಿದು. ಹಗುರವಾದ ಈ ಬಿಲ್ಲೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಗಳ ಹಣೆಯನ್ನೂ ಏರಿತು. ಇತ್ತ ಅಮೆರಿಕದಲ್ಲಿ 3ಎಂ ಕಂಪನಿ ಶೂನ್ಯ ಉಷ್ಣಪ್ರವಾಹದ ಬಿಲ್ಲೆಯನ್ನು ಒಮ್ಮೆ ಬಳಸಿ ಎಸೆಯುವ ಮೆತ್ತನೆಯ ಅಂಟುಪಟ್ಟಿಯಾಗಿ ಹೊರತಂದಿತು. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೃದಯ ಶಸ್ತ್ರಚಿಕಿತ್ಸೆಯ 105 ರೋಗಿಗಳಲ್ಲಿ ಅದನ್ನು ಶ್ವಾಸಕೋಶದ ಅಪಧಮನಿಯ ಅಳತೆಗೆ ಹೋಲಿಸಿತು. ಸರಾಸರಿ ವ್ಯತ್ಯಾಸ ಸುಮಾರು 0.23 ಡಿಗ್ರಿ. ಹೃದಯ-ಶ್ವಾಸಕೋಶ ಯಂತ್ರ ನಡೆಯುತ್ತಿರುವಾಗ ಆ ಅಪಧಮನಿಯಲ್ಲಿ ರಕ್ತ ಹರಿಯುವುದೇ ನಿಂತಿರುವುದರಿಂದ, ತಣಿಸುವ ಮತ್ತು ಬೆಚ್ಚಗಾಗಿಸುವ ಅತ್ಯಂತ ಬಿರುಸಿನ ಹೊತ್ತು ಇಂಥ ಹೋಲಿಕೆಗೆ ಸಿಗುವುದಿಲ್ಲ. ಬಿಲ್ಲೆಯ ಮಿತಿ ಇರುವುದೂ ಅಲ್ಲೇ: ಕೆಳಗಿನ ಅಂಗಾಂಶ ಸಮಸ್ಥಿತಿಗೆ ಬರಲು ಅದಕ್ಕೆ ಹೊತ್ತು ಬೇಕು.

ಸಮಸ್ಥಿತಿಗೆ ಕಾಯದೆ ನೇರವಾಗಿ ಮಿದುಳಿನಿಂದಲೇ ಸುದ್ದಿ ತರುವ ಆಸೆ ರೇಡಿಯೊ ಖಗೋಳಶಾಸ್ತ್ರದಿಂದ ಹುಟ್ಟಿತು. 1963ರಲ್ಲಿ ನಕ್ಷತ್ರಗಳ ನಡುವಿನ ಅವಕಾಶದಲ್ಲಿ ಹೈಡ್ರಾಕ್ಸಿಲ್ ಅಣುವಿನ ರೇಡಿಯೊ ಸುಳಿವು ಹಿಡಿದವರಲ್ಲಿ ಒಬ್ಬರಾದ ಎಂಐಟಿಯ ಅಲನ್ ಬ್ಯಾರೆಟ್, ಫಿಲಿಪ್ ಮೈಯರ್ಸ್ ಜೊತೆಗೂಡಿ ಅದೇ ಬಗೆಯ ಗ್ರಾಹಕವನ್ನು ಮನುಷ್ಯನ ಮೈಗೆ ತಿರುಗಿಸಿ 1975ರಲ್ಲಿ ವರದಿ ಮಾಡಿದರು. ಬಿಸಿಯಿರುವ ಪ್ರತಿ ವಸ್ತುವೂ ಮೈಕ್ರೋವೇವ್ ಅಲೆಗಳನ್ನೂ ಅತ್ಯಲ್ಪವಾಗಿ ಸೂಸುತ್ತದೆ. ಅವಗೆಂಪು ಕಿರಣ ಚರ್ಮದ ಮೇಲ್ಪದರದಿಂದಷ್ಟೇ ಬಂದರೆ, ಮೈಕ್ರೋವೇವ್ ಸೆಂಟಿಮೀಟರುಗಳ ಆಳದಿಂದ ತಲೆಬುರುಡೆಯನ್ನು ದಾಟಿ ಬರುತ್ತದೆ. ರೋಗಿಗೆ ಏನನ್ನೂ ಹಾಯಿಸುವುದಿಲ್ಲ, ಸುಮ್ಮನೆ ಆಲಿಸುತ್ತದೆ. ಜಪಾನಿನ ಶಿಜುವೊಕಾದಲ್ಲಿ ಮಿಜುಶಿನಾ ಮತ್ತು ಸಂಗಡಿಗರು ಹಲವು ಕಂಪನಾಂಕಗಳನ್ನು ಒಟ್ಟಿಗೆ ಕೇಳಿ, ನವಜಾತ ಶಿಶುವಿನ ಮಿದುಳಿನ ಬೇರೆ ಬೇರೆ ಆಳದ ಉಷ್ಣತೆ ಬಿಡಿಸುವ ಕೆಲಸ ಮಾಡಿದರು. ಪಾಲ್ ಸ್ಟಾಫರ್ ಮತ್ತು ಸಂಗಡಿಗರು 2014ರಲ್ಲಿ ವರದಿ ಮಾಡಿದ ಉಪಕರಣವಂತೂ ಶಸ್ತ್ರಚಿಕಿತ್ಸೆಯಲ್ಲಿ ತಣಿದ ರೋಗಿಗಳಿಗಾಗಿಯೇ ಯೋಚಿಸಿದ್ದು. ನೆತ್ತಿ, ಬುರುಡೆ, ಮಿದುಳಿನ ಪದರಗಳಿದ್ದ ಕೃತಕ ತಲೆಯೊಂದರ ಮಿದುಳನ್ನು 10 ಡಿಗ್ರಿ ಇಳಿಸಿ ಮತ್ತೆ 37ಕ್ಕೆ ಏರಿಸಿದಾಗ, ಹೊರಗಿಟ್ಟ ಪುಟ್ಟ ಆಂಟೆನಾ 0.4 ಡಿಗ್ರಿಯೊಳಗೆ ಅದನ್ನು ಹಿಂಬಾಲಿಸಿತು. ಸುತ್ತಲಿನ ವಿದ್ಯುತ್ ಉಪಕರಣಗಳ ಗದ್ದಲದ ನಡುವೆ ಅಷ್ಟು ಕ್ಷೀಣ ದನಿಯನ್ನು ಕೇಳಿಸಿಕೊಳ್ಳುವುದೇ ಇದರ ಕಷ್ಟ.

2015ರಲ್ಲಿ ಅಮೆರಿಕದ ಹೃದಯ ಶಸ್ತ್ರವೈದ್ಯರ, ಅರಿವಳಿಕೆ ತಜ್ಞರ ಮತ್ತು ಹೃದಯ-ಶ್ವಾಸಕೋಶ ಯಂತ್ರ ನಡೆಸುವವರ ಸಂಘಗಳು ಒಟ್ಟಾಗಿ ಮಾರ್ಗಸೂಚಿ ಹೊರಡಿಸಿದವು. ರೋಗಿಯನ್ನು ಬೆಚ್ಚಗಾಗಿಸುವಾಗ ಮಿದುಳು ಅತಿಯಾಗಿ ಬಿಸಿಯಾಗುವುದೇ ದೊಡ್ಡ ಭಯ. ಮೂಗಿನ ತಂತಿ ಆಗ ಮಿದುಳಿನ ಉಷ್ಣತೆಯನ್ನು ಕಡಿಮೆ ತೋರಿಸಬಲ್ಲದು. ಆದ್ದರಿಂದ ಯಂತ್ರದಿಂದ ದೇಹಕ್ಕೆ ಹೊರಡುವ ರಕ್ತದ ಉಷ್ಣತೆಯನ್ನೇ ಮಿದುಳಿನದೆಂದು ಬಗೆದು, ಅದನ್ನು 37 ಡಿಗ್ರಿ ದಾಟದಂತೆ ಹಿಡಿಯಬೇಕೆಂದು ಅವು ಹೇಳಿದವು. ಈ ಸಂವೇದಕ ಇರುವುದು ಕೊಳವೆಯಲ್ಲಿ. ರೋಗಿಯ ಮೈಗೆ ಅದರಿಂದ ಹೊಸದಾಗಿ ಏನೂ ತಾಗುವುದಿಲ್ಲ. ಮರುವರ್ಷ ಬ್ರಿಟನ್ನಿನ ನೈಸ್ ಸಂಸ್ಥೆ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ವಯಸ್ಕರ ಶಸ್ತ್ರಚಿಕಿತ್ಸೆಗೆ ಒಪ್ಪಿದ ವಿಧಾನಗಳ ಸಾಲಿನಲ್ಲಿ ಅಪಧಮನಿ, ಅನ್ನನಾಳ, ಮೂತ್ರಕೋಶಗಳ ಜೊತೆಗೆ ಹಣೆಯ ಶೂನ್ಯ ಉಷ್ಣಪ್ರವಾಹದ ಬಿಲ್ಲೆಯೂ ಸೇರಿತು. ಕಿವಿಯ ಅವಗೆಂಪು ಉಪಕರಣದಂಥ ಪರೋಕ್ಷ ಅಂದಾಜುಗಳನ್ನು ಬಳಸಬಾರದೆಂದೂ ಅದು ಹೇಳಿತು. ಮಹಾಪಧಮನಿಯ ಕಮಾನನ್ನು ಬದಲಿಸುವಂಥ ಆಳವಾಗಿ ತಣಿಸುವ ಶಸ್ತ್ರಚಿಕಿತ್ಸೆಗಳಲ್ಲಿ ಮಾತ್ರ ಮೂಗಿನ ತಂತಿಯನ್ನೂ ಮೂತ್ರಕೋಶದ ತಂತಿಯನ್ನೂ ಯಂತ್ರದ ರಕ್ತದ ಅಂಕಿಯನ್ನೂ ಅಕ್ಕಪಕ್ಕ ಇಟ್ಟು ನೋಡುವ ರೂಢಿಯೇ ಮುಂದುವರಿದಿದೆ.